ಮಾಲೆ ಸುತ್ತಿಕೊಂಡಿರಲಿಲ್ಲ

ನನ್ನ ಮಗಳು ಹುಟ್ಟುವಾಗ ಅವಳ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿರಲಿಲ್ಲ. ಸುತ್ತಿಕೊಂಡಿತ್ತು ಎಂದು ನಾವು ಹೇಳಿದ್ದು ಸುಳ್ಳು. ಹೆರಿಗೆಗೆ ಹೆದರಿ, ನನಗೆ ಆಪರೇಷನ್ನೇ ಮಾಡಿ ಎಂದು ಡಾಕ್ಟರನ್ನು ಕೇಳಿಕೊಂಡವಳು ನಾನೇ. ಕೇಳಿಕೊಂಡದ್ದನ್ನು ಇವತ್ತಿಗೂ ತಪ್ಪು ಅನ್ನುವುದಿಲ್ಲ. ಆದರೆ ಅದನ್ನು ಮುಚ್ಚಿಟ್ಟುಕೊಂಡು, ನನ್ನಷ್ಟೇ ಹೆದರಿದ್ದ ಇನ್ನೊಬ್ಬ ಹುಡುಗಿಯ ಪರವಾಗಿ ನಾನು ಡಾಕ್ಟರ ಎದುರು ಒಂದು ಮಾತು ಆಡಿದೆನಲ್ಲ — ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ. ಪಶ್ಚಾತ್ತಾಪ ಎಂಬ ದೊಡ್ಡ ಮಾತು ನನ್ನ ಬಾಯಿಗೆ ಒಗ್ಗುವುದಿಲ್ಲ. ಉಣ್ಣುವಾಗ ತುತ್ತಿನಲ್ಲಿ ಕೂದಲು ಸಿಕ್ಕರೆ ಆಗುತ್ತದಲ್ಲ, ಹಾಗೆ.

ನನ್ನ ತವರು ಶಿವಮೊಗ್ಗದ ದುರ್ಗಿಗುಡಿ. ಕೊಟ್ಟಿದ್ದು ಭದ್ರಾವತಿಯ ಜನ್ನಾಪುರಕ್ಕೆ. ನಡುವೆ ಇರುವುದು ಒಂದು ಸಣ್ಣ ಬಸ್ಸಿನ ದಾರಿ, ಆದರೂ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ಎರಡೂ ಮನೆಯ ರೂಢಿ. ಹಾಗಾಗಿ ಏಳು ತುಂಬಿದ ಮೇಲೆ ನಾನು ಅಮ್ಮನ ಮನೆಗೆ ಬಂದೆ. ಇಲ್ಲಿಯ ಡಾಕ್ಟರು ಏನಂದರು, ನಾನೇನಂದೆ, ಯಾವುದೂ ಅತ್ತೆಯ ಕಿವಿಗಾಗಲಿ ಗಂಡನ ಕಿವಿಗಾಗಲಿ ಬೀಳುವಂತಿರಲಿಲ್ಲ. ನನ್ನ ಸುಳ್ಳು ಇಷ್ಟು ವರ್ಷ ತಣ್ಣಗೆ ಬದುಕಿದ್ದು ಈ ರೂಢಿಯಿಂದಲೇ.

ಆ ಹೆದರಿಕೆ ಎಂಥದ್ದೆಂದು ಹೇಳಬೇಕು. ಸ್ನಾನಕ್ಕೆ ಹೋದರೆ ನನ್ನ ಹೊಟ್ಟೆಯನ್ನು ನಾನೇ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಇಷ್ಟು ದೊಡ್ಡದು ಒಳಗಿನಿಂದ ಹೇಗೆ — ಎಂದು ಯೋಚನೆ ಶುರುವಾಯಿತೆಂದರೆ ಕೈಕಾಲು ತಣ್ಣಗಾಗಿ ಬಚ್ಚಲ ಗೋಡೆ ಹಿಡಿದು ಕೂತುಬಿಡುತ್ತಿದ್ದೆ. ಊಟ ಸೇರದು, ನಿದ್ದೆ ಹತ್ತದು. ಕೊನೆಗೆ ಡಾಕ್ಟರ ಎದುರು ಎಲ್ಲ ಕಕ್ಕಿಬಿಟ್ಟೆ. ಆಕೆ ನಡುವಯಸ್ಸಿನ ಹೆಂಗಸು, ಗಡಿಬಿಡಿ ಇಲ್ಲದವರು. ಆಪರೇಷನ್ ಅಂದರೆ ಹೂವು ಎತ್ತಿದಷ್ಟು ಸಲೀಸಲ್ಲ, ಗಾಯ ಇರುತ್ತದೆ, ಮುಂದಿನ ಬಸಿರಿಗೂ ಅದರ ತಾಪತ್ರಯ ಇರುತ್ತದೆ ಎಂದು ಬಿಡಿಸಿ ಹೇಳಿದರು. ನೋವು ತಗ್ಗಿಸುವ ಇಂಜೆಕ್ಷನ್ನು ಇದೆ, ಹೆದರಿಕೆಗೆ ಕೂತು ಮಾತಾಡುವವರು ಇದ್ದಾರೆ ಎಂದರು. ಯೋಚನೆ ಮಾಡಿ ಬಾ ಎಂದು ಕಳಿಸಿದರು. ಮುಂದಿನ ಸಲ ಹೋದಾಗಲೂ ನನ್ನ ಉತ್ತರ ಅದೇ ಆಗಿತ್ತು. ಆಗ ಆಕೆ ಪೆನ್ನಿನ ಮುಚ್ಚಳ ಹಾಕುತ್ತ ಅಂದರು — "ಹೆದರಿಕೆಯೂ ಒಂದು ಕಾರಣಾನೇ ಕಣಮ್ಮ. ಅದಕ್ಕೆ ನಾಚ್ಕೋಬೇಡ."

ನಾಚಿಕೊಂಡವಳು ನನ್ನ ಅಮ್ಮ. ಮಗಳು ಕೇಳಿಕೊಂಡು ಹೊಟ್ಟೆ ಕೊಯ್ಯಿಸಿಕೊಂಡಳು ಎಂದು ಬೀಗರಿಗೆ ಗೊತ್ತಾದರೆ ಮುಖ ಎಲ್ಲಿಟ್ಟುಕೊಳ್ಳುವುದು? ಮಗು ಹುಟ್ಟಿದ ಮಾರನೆಯ ದಿನ ಅತ್ತೆ ಭದ್ರಾವತಿಯಿಂದ ಬಂದವರೇ ಮಗುವಿನ ಮುಖಕ್ಕಿಂತ ಮೊದಲು "ಯಾಕಂತೆ ಆಪರೇಷನ್ನು?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಹೇಳಿಬಿಟ್ಟಳು, "ಬಳ್ಳಿ ಮಾಲೆ ಹಾಗೆ ಕೊರಳಿಗೆ ಸುತ್ಕೊಂಡಿತ್ತಂತೆ. ಡಾಕ್ಟ್ರೇ ಬಿಡ್ಲಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಸುಳ್ಳು ಅಮ್ಮನದು ಎಂದು ಬಹಳ ದಿನ ಸಮಾಧಾನ ಹೇಳಿಕೊಂಡಿದ್ದೆ — ತಲೆ ನನ್ನದಲ್ಲವೇ?

ಅಮ್ಮ ಒಂದನ್ನು ಮರೆತಿದ್ದಳು. ಮಾಲೆ ಸುತ್ತಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ಮಗುವಿನ ಸೋದರಮಾವ ಎಂದರೆ ನನ್ನ ತಮ್ಮ, ಅಮ್ಮನ ಒಬ್ಬನೇ ಮಗ. ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡು "ಹಾಗಾದ್ರೆ ಶಾಂತಿ ಮಾಡಿಸ್ಲೇಬೇಕು" ಅಂದಾಗ ಅಮ್ಮನ ಮುಖ ನೋಡಬೇಕಿತ್ತು. ಹೇಳಿದ್ದನ್ನು ನುಂಗುವಂತಿಲ್ಲ, ಉಗುಳುವಂತಿಲ್ಲ. ಅಕ್ಕನ ಮಗುವನ್ನು ನೋಡಲು ಜುಬಲಾ ಕೊಂಡುಕೊಂಡು ಓಡಿಬಂದ ನನ್ನ ತಮ್ಮನನ್ನು ಬಾಗಿಲ ಹೊರಗೇ ತಡೆದರು. ಆಮೇಲೊಂದು ದಿನ ಅಯ್ಯನವರನ್ನು ಕರೆಸಿ, ಕಂಚಿನ ಬಟ್ಟಲಲ್ಲಿ ಎಣ್ಣೆ ತುಂಬಿ, ಅದರ ಮೇಲೆ ಮಗುವನ್ನು ಹಿಡಿದೆವು; ಎಣ್ಣೆಯೊಳಗೆ ಕಾಣುವ ಮುಖವನ್ನು ತಮ್ಮ ಮೊದಲು ನೋಡಿದ. ಅವನು ಭಯಭಕ್ತಿಯಿಂದ ಬಗ್ಗಿ ನೋಡುತ್ತಿದ್ದ. ಅಮ್ಮ ಕೈ ಮುಗಿದುಕೊಂಡು ನಿಂತಿದ್ದಳು. ನಾನು ಮಗುವಿನ ತಲೆಗೆ ಕೈಕೊಟ್ಟು ಹಿಡಿದಿದ್ದೆ. ಇಲ್ಲದ ಮಾಲೆಗೆ ಶಾಂತಿ. ಥೂ.

ಮಗಳಿಗೆ ಹಲ್ಲು ಬರುವ ಹೊತ್ತಿಗೆ ತಮ್ಮ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ. ಮಳೆ ಬಂದು ರಸ್ತೆ ಜಾರುತ್ತಿತ್ತು, ಅಷ್ಟೇ. ಅತ್ತೆ ಮಾತ್ರ ನನ್ನ ಮಗಳನ್ನೇ ನೋಡುತ್ತ, "ಮಾಲೆ ಸುಮ್ನೆ ಬಿಡುತ್ತಾ" ಅಂದರು. ಮಗು ನನ್ನ ತೊಡೆಯ ಮೇಲೆ ಬೆರಳು ಚೀಪುತ್ತ ಕೂತಿತ್ತು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಸುಳ್ಳು ನನಗೆ ಹಿತವಾಗಿ ಹೋಗಿತ್ತು. ಜನ್ನಾಪುರದ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಅಳತೆ ಕೊಡಲು ಬಂದ ಹೆಂಗಸರು ಕೈ ಎತ್ತಿ ನಿಂತುಕೊಂಡು ಮಾತಾಡುವುದು ಎರಡೇ, ಒಂದು ಸೊಸೆ, ಇನ್ನೊಂದು ಹೆರಿಗೆ. "ನಾರ್ಮಲ್ಲಾ, ಸಿಸೇರಿಯನ್ನಾ?" ಎಂದು ಕೇಳುವಾಗಿನ ಆ ದನಿ ನಿಮಗೂ ಗೊತ್ತಿರುತ್ತದೆ. ನಾರ್ಮಲ್ಲಾದರೆ ಗಟ್ಟಿ ಹೆಂಗಸು, ಇಲ್ಲವಾದರೆ ಅಯ್ಯೋ ಪಾಪ. ನಾನು ಟೇಪು ಹಿಡಿದುಕೊಂಡೇ, "ನಾನು ನಾರ್ಮಲ್ಲೇ ಆಗ್ಲಿ ಅಂತ ಎಷ್ಟು ಕಾದೆ ಗೊತ್ತಾ, ಮಾರಾಯ್ತಿ" ಎನ್ನುತ್ತಿದ್ದೆ. ಕಾದಿದ್ದೆನಂತೆ! ನಿಟ್ಟುಸಿರನ್ನೂ ಬಿಡುತ್ತಿದ್ದೆ.

ಇನ್ನು ಚೈತ್ರ. ನನ್ನ ಗಂಡನ ತಂಗಿ. ನಾನು ಮದುವೆಯಾಗಿ ಬಂದಾಗ ಹೈಸ್ಕೂಲಿನಲ್ಲಿದ್ದಳು, ಜಡೆ ಹಾಕಿಸಿಕೊಳ್ಳಲು ತಾಯಿಯ ಬಳಿ ಹೋಗದೆ ನನ್ನ ಬಳಿ ಬರುತ್ತಿದ್ದಳು. ಅವಳನ್ನು ಶಿವಮೊಗ್ಗಕ್ಕೆ ಕೊಟ್ಟೆವು. ಗಂಡ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾನೆ, ಮೆತ್ತಗಿನ ಹುಡುಗ. ಚೊಚ್ಚಲ ಬಸಿರಿಗೆ ಅವಳು ತವರಿಗೆ, ಅಂದರೆ ನಮ್ಮ ಮನೆಗೆ, ಬಂದಳು. ಬಂದ ವಾರದಲ್ಲೇ ನನಗೆ ಎಲ್ಲ ತಿಳಿಯಿತು. ತಟ್ಟೆಯಲ್ಲಿ ಅನ್ನ ಕಲಸಿ ಕಲಸಿ ಹಾಗೇ ಬಿಡುವುದು, ಬಚ್ಚಲಿಗೆ ಹೋದರೆ ಬೇಗ ಹೊರಗೆ ಬಾರದಿರುವುದು. ನನ್ನದೇ ಹೆದರಿಕೆ ಎರಡು ಕಾಲು ಕಟ್ಟಿಕೊಂಡು ನಮ್ಮ ಮನೆಯೊಳಗೆ ಓಡಾಡುತ್ತಿತ್ತು.

ಒಂದು ಮಧ್ಯಾಹ್ನ ಹೊಲಿಗೆ ಮೆಷಿನ್ ಪಕ್ಕ ಬಂದು ಕೂತಳು. "ಅತ್ತಿಗೆ, ಸುಮ್ನೆ ಡೇಟ್ ಕೊಟ್ಟು ಆಪರೇಷನ್ ಮಾಡಿ ಅಂತ ಕೇಳಿದ್ರೆ ಮಾಡ್ತಾರಾ? ನನ್ ಕೈಲಿ ಆಗಲ್ಲ ಅತ್ತಿಗೆ. ನಿಮಗಾದ್ರೆ ಕಾರಣ ಇತ್ತು. ನಂಗೇನೂ ಇಲ್ಲ, ಬರೀ ಹೆದರಿಕೆ."

ಬರೀ ಹೆದರಿಕೆ. ಅವಳಿಗೆ ಕೊಡಬೇಕಾದ ಮಾತು ನನ್ನ ಹತ್ತಿರ ಇತ್ತು. ಶಿವಮೊಗ್ಗದ ಆ ಡಾಕ್ಟರು ನನಗೆ ಪುಕ್ಕಟೆ ಕೊಟ್ಟಿದ್ದು. ನಾನು ಅದನ್ನು ಅವಳಿಗೆ ದಾಟಿಸಿದ್ದರೆ ಸಾಕಿತ್ತು. ಆದರೆ ದಾಟಿಸಿದರೆ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ, ಬಾಯಿ ಜಾರಿ ಅವಳ ತಾಯಿಗೆ ಹೇಳುತ್ತಾಳೆ, ಮಾಲೆ, ಎಣ್ಣೆ, ತಮ್ಮನ ಕಾಲು... ಎಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ನಾನು ಪೆಡಲ್ ತುಳಿಯುತ್ತಲೇ ಇದ್ದೆ. "ನನಗೆ ಬೇರೆ ದಾರಿ ಇರ್ಲಿಲ್ಲ ಕಣೆ. ನಿನಗೆ ಇದೆಯಲ್ಲ," ಅಂದೆ. ಅವಳು ಎದ್ದು ಹೋದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ಪುಕ್ಕಲಿ ಆಗಿರುತ್ತಿದ್ದೆ. ತಿಂಗಳು ತುಂಬುತ್ತ ಬಂದಾಗ ಅವಳನ್ನು ಭದ್ರಾವತಿಯ ಡಾಕ್ಟರ ಬಳಿ ಕರೆದುಕೊಂಡು ಹೋದವಳು ನಾನು. ಹೋದ ಸಲವೇ ಅವರು ಅವಳು ಹೆದರಿದ್ದನ್ನು ಕಂಡು, ಮನೆಯಲ್ಲಿ ಮಾತಾಡಿಕೊಂಡು ಬಾ, ನಿನ್ನ ಮನಸ್ಸಿನಲ್ಲಿ ಏನಿದೆಯೋ ಹೇಳು ಎಂದಿದ್ದರು. ಚೈತ್ರ ಹೊರಗಿನವರ ಎದುರು ಬಾಯಿ ಬಿಡುವವಳಲ್ಲ. ಆಟೋದಲ್ಲಿ ನನ್ನ ಕೈ ಹಿಡಿದುಕೊಂಡು, "ಅತ್ತಿಗೆ, ನೀವೇ ಹೇಳಿ. ನಂಗೆ ಆಪರೇಷನ್ನೇ ಬೇಕು ಅಂತ ನೀವು ಹೇಳ್ಬಿಡಿ," ಎಂದಿದ್ದಳು. ನಾನು ಹೂಂ ಎಂದಿದ್ದೆ. ಇದು ನೆನಪಿರಲಿ. ಹೂಂ ಎಂದಿದ್ದೆ.

ಡಾಕ್ಟರು ಕೇಳಿದರು, "ಏನು ತೀರ್ಮಾನ ಮಾಡಿದ್ರಿ?" ಚೈತ್ರ ನನ್ನ ಮುಖ ನೋಡಿದಳು. ನನ್ನ ಕಣ್ಣ ಮುಂದೆ ಬಂದಿದ್ದು ಮನೆಯಲ್ಲಿ ಕಾಯುತ್ತಿದ್ದ ಅತ್ತೆ. ನಿನ್ನನ್ನು ಜೊತೆಗೆ ಕಳಿಸಿದ್ದಕ್ಕೆ ಇದೇನಾ ನೀನು ಮಾಡಿಕೊಂಡು ಬಂದಿದ್ದು ಎನ್ನುತ್ತಾರೆ, ನಿನಗಾದರೆ ಮಾಲೆ ಇತ್ತು, ಇವಳಿಗೇನಿದೆ ಎನ್ನುತ್ತಾರೆ, ಅಲ್ಲಿಂದ ಶುರುವಾಗಿ ಎಲ್ಲಿಗೆ ಹೋಗಿ ಮುಟ್ಟುತ್ತದೋ — ಅಷ್ಟೇ. ಬಾಯಿ ತಾನಾಗಿ ಆಡಿತು. ಇಲ್ಲ, ತಾನಾಗಿ ಅಲ್ಲ. ಆಡಿದವಳು ನಾನು.

"ನಾರ್ಮಲ್ಲೇ ಮೇಡಂ. ಈಗ ಧೈರ್ಯ ಬಂದಿದೆ ಅವಳಿಗೆ."

ಡಾಕ್ಟರು ಅವಳ ಕಡೆ ತಿರುಗಿ "ಹೌದೇನಮ್ಮ?" ಎಂದು ಕೇಳಿದರು. ಚೈತ್ರ ಒಂದು ಕ್ಷಣ ನನ್ನನ್ನೇ ನೋಡಿ, ತಲೆ ತಗ್ಗಿಸಿ, ಹೌದೆಂದಳು.

ಹೆರಿಗೆಯಾಯಿತು. ಗಂಡು ಮಗು. ತಾಯಿ ಮಗು ಇಬ್ಬರಿಗೂ ಏನೂ ಕೆಡಲಿಲ್ಲ, ಆಸ್ಪತ್ರೆಯವರದ್ದೂ ಏನೂ ತಪ್ಪಿಲ್ಲ. ಅತ್ತೆ ಕೇರಿಗೆಲ್ಲ ಸಕ್ಕರೆ ಹಂಚಿ, "ನಮ್ಮ ಸೊಸೆ ಧೈರ್ಯ ತುಂಬಿದ್ಳು, ನಾರ್ಮಲ್ಲೇ ಆಯ್ತು" ಎಂದು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ. ಹೆರಿಗೆ ಕೋಣೆಯೊಳಗೆ ಏನಾಗಿತ್ತೆಂದು ನನಗೆ ಮಾತ್ರ ಗೊತ್ತು, ಜೊತೆಗೆ ನಿಂತಿದ್ದವಳು ನಾನಲ್ಲವೇ. ಅವಳು ನೋವಿಗೆ ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಕಣ್ಣು ಎಲ್ಲೋ ನೆಟ್ಟು, "ನಾನು ಬೇಡ ಅಂದಿದ್ದೆ, ನಾನು ಬೇಡ ಅಂದಿದ್ದೆ" ಎಂದು ಪಿಸುಗುಟ್ಟುತ್ತಲೇ ಇದ್ದಳು. ಮಗುವನ್ನು ತಂದು ತೋರಿಸಿದಾಗ ಮುಖ ತಿರುಗಿಸಿದಳು. ಬಾಣಂತನದ ಅಷ್ಟೂ ದಿನ ಹಾಲು ಕುಡಿಸುವಾಗ ಬಿಟ್ಟರೆ ಅದನ್ನು ಮುಟ್ಟಲಿಲ್ಲ. ನಿದ್ದೆಯಲ್ಲಿ ಬೆಚ್ಚಿ ಎದ್ದು ಕೂರುತ್ತಿದ್ದಳು. ಅವಳ ಗಂಡ ಬಂದರೆ ಬಾಗಿಲ ಬಳಿ ಚಪ್ಪಲಿ ಬಿಟ್ಟು ಅಲ್ಲೇ ನಿಂತಿರುತ್ತಿದ್ದ, ಒಳಗೆ ಬರಲೇ ಬೇಡವೇ ಎಂಬಂತೆ. ಆಪರೇಷನ್ನೇ ಆಗಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಅದು ಯಾರಿಗೂ ಗೊತ್ತಿಲ್ಲ. ಹೆದರಿಕೆ ಇನ್ನೂ ಹೋಗಿಲ್ಲ ಎಂದು ಡಾಕ್ಟರಿಗೆ ತಿಳಿದಿದ್ದರೆ ಅವರೇ ಬೇರೇನಾದರೂ ದಾರಿ ಹುಡುಕುತ್ತಿದ್ದರು. ಧೈರ್ಯ ಬಂದಿದೆ ಎಂದು ಹೇಳಿ ಆ ಎಲ್ಲ ದಾರಿಗೂ ಅಡ್ಡ ನಿಂತವಳು ನಾನು.

ಒಂದು ದಿನ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅವಳು ಮೆಲ್ಲಗೆ ಅಂದಳು, "ಅವತ್ತು ನೀವು ನನ್ನ ಒಳ್ಳೇದಕ್ಕೇ ಹಾಗಂದ್ರಿ, ಅಲ್ವಾ ಅತ್ತಿಗೆ? ನಿಮ್ಮಂಥ ಗಟ್ಟಿ ಜೀವ ಅಲ್ಲ ನಂದು." ನಾನು ಹಚ್ಚುತ್ತಲೇ ಇದ್ದೆ. ಆಮೇಲೆ ಹಿತ್ತಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದೆ. ತೊಳೆದಷ್ಟೂ ಜಿಡ್ಡು ಹೋಗಲಿಲ್ಲ ಎಂದು ಬರೆದರೆ ಕಥೆಯ ಹಾಗಾಗುತ್ತದೆ — ಹೋಯಿತು, ಕೈ ಚೊಕ್ಕವಾಯಿತು, ಒಳಗೆ ಬಂದು ಅನ್ನಕ್ಕಿಟ್ಟೆ. ಅದೇ ನನಗೆ ಈಗ ಹೆಚ್ಚು ಅಸಹ್ಯ.

ಈಗ ಅವಳಿಗೆ ಎರಡನೆಯದು. ತಾನಾಗಿ ಬಯಸಿದ್ದಲ್ಲ, ಆದರೂ ಇರಲಿ ಎಂದುಕೊಂಡಿದ್ದಾಳೆ. ಹೋದ ತಿಂಗಳು ಮಗನನ್ನು ಕರೆದುಕೊಂಡು ಜನ್ನಾಪುರಕ್ಕೆ ಬಂದಳು. ಶಿವಮೊಗ್ಗದಲ್ಲಿ ಹೊಸ ಡಾಕ್ಟರಿಗೆ ತೋರಿಸುವುದಿತ್ತು, ನನ್ನನ್ನು ಕರೆದೊಯ್ಯಲೆಂದೇ ಬಂದಿದ್ದಳು. "ಅತ್ತಿಗೆ, ನೀವು ಜೊತೆಗೆ ಬನ್ನಿ. ನೀವಿದ್ರೆ ಮಾತಾಡ್ತೀರಿ," ಅಂದಳು. ಇನ್ನೂ ನನ್ನನ್ನೇ ನಂಬುತ್ತಾಳಲ್ಲ! ಆ ರಾತ್ರಿ ಅಡುಗೆ ಮಾಡಿದೆ, ಬಡಿಸಿದೆ, ಪಾತ್ರೆ ತೊಳೆದಿಟ್ಟು ಉಣ್ಣದೆ ಮಲಗಿದೆ.

ಮಾರನೆಯ ದಿನ ಅವಳ ಮಗನನ್ನು ಅತ್ತೆಯ ಬಳಿ ಬಿಟ್ಟು ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಅವಳು, ಈಚೆ ನಾನು. ಮಾಚೇನಹಳ್ಳಿಯಲ್ಲಿ ಶಿಫ್ಟು ಮುಗಿಸಿದವರು ಗದ್ದಲ ಮಾಡಿಕೊಂಡು ಹತ್ತಿದರು. ಯಾರ ಮಾತು ಯಾರಿಗೂ ಕೇಳದಂಥ ಆ ಸದ್ದಿನಲ್ಲಿ ನಾನು ಹೇಳಿದೆ. ಸಾವಕಾಶವಾಗಿ ಹೇಳುವ ಯೋಗ್ಯತೆ ನನಗಿರಲಿಲ್ಲ, ಒಂದೇ ಉಸಿರಿಗೆ ಹೇಳಿದೆ. ಮಾಲೆ ಇರಲಿಲ್ಲ ಎಂದೆ. ನಾನೇ ಕೇಳಿಕೊಂಡಿದ್ದು, ಬರೀ ಹೆದರಿಕೆಗೆ, ಎಂದೆ. ಹೆದರಿಕೆಯೂ ಒಂದು ಕಾರಣವೇ ಎಂದು ಡಾಕ್ಟರು ನನಗೆ ಹೇಳಿದ ಮಾತನ್ನೂ ಹೇಳಿದೆ. ಆಟೋದಲ್ಲಿ ಹೂಂ ಅಂದು ಒಳಗೆ ಹೋಗಿ ಬೇರೆ ಹೇಳಿದ್ದು ನನ್ನ ಮಾನ ಉಳಿಸಿಕೊಳ್ಳಲು, ನಿನ್ನ ಒಳ್ಳೆಯದಕ್ಕೆ ಅಲ್ಲ ಎಂದೆ.

ಅವಳು ಅಳುತ್ತಾಳೆ, ಬಯ್ಯುತ್ತಾಳೆ ಎಂದುಕೊಂಡಿದ್ದೆ. ಶಿವಮೊಗ್ಗ ಹತ್ತಿರ ಬಂದಾಗ ಅಂದಳು, "ನನ್ ಮಗನ್ನ ಎತ್ಕೊಳ್ಳೋಕೂ ಆಗದಷ್ಟು ಹೇಡಿ ನಾನು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ, ಅತ್ತಿಗೆ."

ಆಸ್ಪತ್ರೆಯಲ್ಲಿ ಅವಳ ಹೆಸರು ಕರೆದರು. ನಾನು ಅಭ್ಯಾಸದಂತೆ ಎದ್ದೆ. "ನೀವು ಇಲ್ಲೇ ಕೂತಿರಿ. ನಾನೇ ಹೇಳ್ತೀನಿ," ಎಂದು ಅವಳೊಬ್ಬಳೇ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಏನು ಮಾತಾಡಿದಳೋ, ಯಾವುದನ್ನು ಆರಿಸಿಕೊಂಡಳೋ, ಇನ್ನೂ ಆರಿಸಿಕೊಂಡಿಲ್ಲವೋ, ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಮನೆಯ ಮೆಟ್ಟಿಲು ಹತ್ತುವಾಗಲೇ ಅತ್ತೆ ನನ್ನನ್ನು ಕೇಳಿದರು, "ಏನಂದ್ರು ಡಾಕ್ಟ್ರು? ನಾರ್ಮಲ್ಲೇ ತಾನೆ?"

"ಅದನ್ನ ಅವಳೇ ಹೇಳ್ಬೇಕು ಅತ್ತೆ, ಹೇಳೋದಿದ್ರೆ. ನೀವು ಕೂತ್ಕೊಳ್ಳಿ. ನಾನು ನಿಮಗೊಂದು ಹೇಳೋದಿದೆ," ಅಂದೆ.

ಚೈತ್ರ ನನ್ನ ಪಕ್ಕಕ್ಕೆ ಬಂದು ನಿಲ್ಲುತ್ತಾಳೇನೋ ಎಂದು ಒಂದು ಗಳಿಗೆ ಕಾದೆ. ಅವಳು ಮಗನನ್ನು ಎತ್ತಿಕೊಂಡು ಒಳಗೆ ಹೋದಳು.