ನಲವತ್ತೇಳು ಟ್ಯಾಬುಗಳು

ನಿನ್ನೆ ಗೋಕುಲ ರಸ್ತೆಯ ನಮ್ಮ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ಎತ್ತಿಕೊಟ್ಟೆ ನೋಡಿ, ಅಂಗೈ ಚುರುಕ್ ಎಂದಿತು. ತೆರೆಯ ಮೇಲಂಚಿನಲ್ಲಿ ಟ್ಯಾಬುಗಳು ಬಸ್ಸಿನ ಬಾಗಿಲಿಗೆ ಜೋತುಬಿದ್ದವರಂತೆ ಒತ್ತಿಕೊಂಡಿದ್ದವು. ನಗು ಬಂತು, ನಾಚಿಕೆಯೂ ಬಂತು. ಎರಡು ವರ್ಷದ ಹಿಂದೆ ನನ್ನದೂ ಇದೇ ಕಥೆ.

ಗೋಪನಕೊಪ್ಪದ ಮನೆಯಲ್ಲಿ ನನಗೂ ಅಕ್ಕ ಶಾರದೆಗೂ ಸೇರಿ ಒಂದೇ ಹಳೆಯ ಕಂಪ್ಯೂಟರು. ಶಿಕ್ಷಕಿಯಾಗಿ ನಿವೃತ್ತಳಾದ ಅಕ್ಕ ದಿನಾ ಸಂಜೆ ಮುಗದ ಹಳ್ಳಿಯ ಕಾವೇರಿಗೆ ಇತಿಹಾಸದ ಪಠ್ಯ ಓದಿ ಹೇಳುತ್ತಿದ್ದಳು. ಕಾವೇರಿಗೆ ಕಣ್ಣು ಕಾಣದು, ಬಿ.ಎ. ಕೊನೆಯ ವರ್ಷ. ಪರೀಕ್ಷೆಗೆ ಹನ್ನೆರಡು ದಿನ, ಆರು ಅಧ್ಯಾಯ ಬಾಕಿ. ಬ್ರೌಸರಿನಲ್ಲೇ ಕರೆ, ಅಲ್ಲೇ ರೆಕಾರ್ಡಿಂಗ್; ಅವಳು ಮತ್ತೆ ಮತ್ತೆ ಕೇಳಿ ಕಲಿಯಬೇಕಲ್ಲ. ಅಂಥ ಹೊತ್ತಿನಲ್ಲಿ ಅಕ್ಕನ ಧ್ವನಿ ನಡುನಡುವೆ ತುಂಡಾಗತೊಡಗಿತು.

ರಿಪೇರಿಯವನು ಬಂದು ನೋಡಿ, "ಮೆಮೊರಿ ಸಾಲವಲ್ದರಿ. ಹೊಸಾದು ತೊಗೊಂಡಬಿಡ್ರಿ" ಎಂದ. ನಾನು ತಲೆಯಾಡಿಸಿದೆ. ಅಕ್ಕ ಆಡಿಸಲಿಲ್ಲ.

"ಹ್ವಾದ ವರ್ಷ ಸಾಲತಿತ್ತು, ಈಗ್ಯಾಕ ಸಾಲಂಗಿಲ್ಲ? ಯಾರ ತಿನ್ನಾಕತ್ತಾರ, ನೋಡೇಬಿಡೂಣು."

ಸಂಜೆ ಕರೆಯಲ್ಲಿ ಕಾವೇರಿಗೆ ವಿಷಯ ಹೇಳಿದಳು. ಮೌಸ್ ಮುಟ್ಟದೆ ಬರೀ ಕೀಲಿಗಳಿಂದಲೇ ಕಂಪ್ಯೂಟರು ನಡೆಸುವ ಹುಡುಗಿ ಅದು. "ಅಕ್ಕಾರ, ಶಿಫ್ಟ್ ಹಿಡದು ಎಸ್ಕೇಪ್ ಒತ್ತರಿ. ಯಾವ ಪುಟ ಎಷ್ಟ ಮೆಮೊರಿ ನುಂಗಾಕತ್ತೈತಿ ಅಂತ ಪಟ್ಟಿ ಬರತೈತಿ. ಓದಿ ಹೇಳ್ರಿ."

ಅಕ್ಕ ಓದತೊಡಗಿದಳು; ನಾನು ಮೆಲ್ಲಗೆ ಅಡುಗೆಮನೆಯತ್ತ ಸರಿದೆ. ಒಟ್ಟು ನಲವತ್ತೇಳು ಟ್ಯಾಬು, ಅದರಲ್ಲಿ ನಲವತ್ತೈದು ನನ್ನವು. ನಿಂಬೆ ಉಪ್ಪಿನಕಾಯಿಯ ನಾಲ್ಕು ಬಗೆ, ಮೊಣಕಾಲಿನ ವ್ಯಾಯಾಮ, ನಾನೆಂದೂ ಹತ್ತದ ರೈಲುಗಳ ವೇಳಾಪಟ್ಟಿ. ಮುಚ್ಚಿದರೆ ಕಳೆದುಹೋದೀತೆಂಬ ಭಯ ನನಗೆ. ತೆರೆದಿಟ್ಟರೆ ಓದುತ್ತೇನೆಂದಲ್ಲ.

"ಬಾರೋ ಇಲ್ಲಿ. ಈ ಉಪ್ಪಿನಕಾಯಿ ಯಾವಾಗ ಹಾಕಾಂವ?"

"ಹಾಕೂಣು ಬಿಡಕ್ಕಾ…"

"ಆರ ತಿಂಗಳಾತು. ಮುಚ್ಚು."

ಒಂದೊಂದಾಗಿ ಮುಚ್ಚಿದೆ. ನಿಜಕ್ಕೂ ಬೇಕಾದ ಮೂರನ್ನು ಬುಕ್‌ಮಾರ್ಕ್ ಮಾಡಿಟ್ಟೆ. ದಿನಕ್ಕೊಂದು ಹೂವಿನ ಚಿತ್ರ ತೋರಿಸುತ್ತದೆಂದು ನಾನೇ ಬ್ರೌಸರಿಗೆ ಸೇರಿಸಿದ್ದ ಎಕ್ಸ್‌ಟೆನ್ಶನ್ ಎಲ್ಲಕ್ಕಿಂತ ಹೆಚ್ಚು ತಿನ್ನುತ್ತಿತ್ತು, ಅದನ್ನೂ ಕಿತ್ತುಹಾಕಿದೆವು. ಬಳಸದ ಪುಟಗಳನ್ನು ತಾನಾಗಿಯೇ ಮಲಗಿಸುವ ಸೆಟ್ಟಿಂಗ್ ಎಲ್ಲಿದೆಯೆಂದು ಕಾವೇರಿ ಹೇಳಿಕೊಟ್ಟಳು. ಬ್ರೌಸರ್ ಮುಚ್ಚಿ ಮತ್ತೆ ತೆರೆದು ಕರೆ ಮಾಡಿ, ಅಕ್ಕ ಇಡೀ ಒಂದು ಪುಟ ಓದಿ ನಿಲ್ಲಿಸಿದಳು.

"ಒಂದಕ್ಷರಾನೂ ಕಡೀಲಿಲ್ರಿ ಅಕ್ಕಾರ. ಮುಂದ ಓದ್ರಿ."

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ನನ್ನತ್ತ ನೋಡಲಿಲ್ಲ. ಮುಂದಕ್ಕೆ ಓದಿದಳು.

ಆರನೆಯ ಅಧ್ಯಾಯ ಮುಗಿದದ್ದು ಪರೀಕ್ಷೆಯ ಹಿಂದಿನ ದಿನದ ಮಧ್ಯಾಹ್ನ. ಅಷ್ಟರಲ್ಲಿ ಅಕ್ಕನ ಗಂಟಲು ಪೂರಾ ಕೂತಿತ್ತು. ಕಾವೇರಿ ಪಾಸಾದಳು, ಈಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಳೆ.

ಈಗಿನ ಪಠ್ಯ ಇನ್ನೂ ದಪ್ಪವಾಗಿದೆ, ಅಕ್ಕನ ಗಂಟಲು ಮೊದಲಿನಂತಿಲ್ಲ. ವಾರಕ್ಕೆ ಎರಡು ಸಂಜೆ ಓದುವ ಸರದಿ ನನ್ನದು. ಒಂದು ಟ್ಯಾಬು, ಒಂದು ಪುಸ್ತಕ. ನಿನ್ನೆಯೂ ಕೂತು ಗಡಬಡಿಸಿ ಓದುತ್ತಿದ್ದೆ. ಆ ಕಡೆಯಿಂದ ಕಾವೇರಿಯ ಧ್ವನಿ ಬಂತು:

"ಕಾಕಾ, ಅಲ್ಪವಿರಾಮಕ್ಕೂ ಚೂರು ನಿಂದರ್ರಿ. ನಾ ಬ್ರೇಲಿನಾಗ ಬರಕೋಬೇಕಲ್ರೀ."

ನಿಂತೆ.