ನರಸೀಪುರದಲ್ಲಿ ಸಿಕ್ಕ ನನ್ನ ಹೆಸರು

ಬೆಳಿಗ್ಗೆ ಎಂಟೂಕಾಲರ ಬಸ್ಸಿಗೆ ನಂಜನಗೂಡು ಬಿಟ್ಟೆವು. ನಾನು, ಮಗ ಮಾದೇಶ, ಸೊಸೆ ಪ್ರೇಮಾ, ನಾಲ್ಕನೇ ಕ್ಲಾಸಿನ ಮೊಮ್ಮಗಳು ಚೈತ್ರಾ. ನರಸೀಪುರದ ಹತ್ತಿರ ಮುಚ್ಚಿಹೋದ ಅಕ್ಕಿ ಗಿರಣಿಯೊಂದರಲ್ಲಿ ಹಳೆಯ ಅಂಗಡಿ ಬೋರ್ಡುಗಳನ್ನೆಲ್ಲ ಕೂಡಿಹಾಕಿ ಯಾರೋ ಮ್ಯೂಸಿಯಂ ಮಾಡಿದ್ದಾರೆಂದು ಮಾದೇಶ ಪೇಪರಿನಲ್ಲಿ ಓದಿದ್ದ. ಫ್ಲೆಕ್ಸ್ ಬಂದು ನಮ್ಮ ಕುಂಚ ಒಣಗುವ ತನಕ, ನಲವತ್ತು ವರ್ಷ, ತಾಲ್ಲೂಕಿನ ಬೋರ್ಡು ಬರೆದವನು ನಾನು. ಬದನವಾಳಿನ ಖಾದಿ ಜುಬ್ಬ ತೊಟ್ಟು ಎಲ್ಲರಿಗಿಂತ ಮೊದಲೇ ಜಗುಲಿಯಲ್ಲಿ ಕೂತಿದ್ದೆ.

"ಏನ್ ಪೇಂಟ್ರೇ, ಮದ್ವೆಗಾ?" ಎಂದ ಪರಿಚಯದ ಕಂಡಕ್ಟರ್.

"ಇಲ್ಲ ಕಣ್ಲಾ, ನಾನ್ ಬರ‍್ದಿದ್ನೆಲ್ಲ ಮ್ಯೂಸಿಯಂನಲ್ಲಿ ಮಡಗವ್ರಂತೆ. ನೋಡಿ ಆಸೀರ್ವಾದ ಮಾಡ್ಬುಟ್ಟು ಬರಾನ ಅಂತ."

ಪ್ರೇಮಾ ಹಣೆ ಚಚ್ಚಿಕೊಂಡಳು. "ಮಾವ, ಅಲ್ಲಿ ಓಗಿ ಎಲ್ಲಾ ನಂದೇ ಅಂತ ಸುರು ಮಾಡ್ಬ್ಯಾಡಿ, ಮಾನ ಓಯ್ತದೆ."

"ತಾತ ಬಿಡೋದೆಲ್ಲಾ ಬುರುಡೆ," ಎಂದಳು ಚೈತ್ರಾ. ಆ ಮಾತು ಚುಚ್ಚಿತು. ಇವತ್ತು ಬೋರ್ಡಿನ ಮೂಲೆಯಲ್ಲಿ ನನ್ನ ಹೆಸರು ತೋರಿಸಿ ಈ ಹುಡುಗಿಯ ಬಾಯಿ ಮುಚ್ಚಿಸಲೇಬೇಕು ಎಂದುಕೊಂಡೆ.

ದೂರ ಹೆಚ್ಚೆಂದರೆ ಮೂವತ್ತು ಕಿಲೋಮೀಟರು. ಬಸ್ಸು ಕೈತೋರಿಸಿದವರಿಗೆಲ್ಲ ನಿಂತು ಒಂದೂವರೆ ಗಂಟೆ ತೆಗೆದುಕೊಂಡಿತು. ಮಾರ್ಚ್ ತಿಂಗಳು, ಹತ್ತು ಗಂಟೆಗೇ ನೆತ್ತಿ ಸುಡುತ್ತಿತ್ತು. ದಾರಿಯಲ್ಲಿ ಪ್ರೇಮಾ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ಮುಗಿಸಿ, ತಲೆಗೊಂದು ರಸಬಾಳೆ ತಿಂದೆವು.

ಗಿರಣಿಯೊಳಗೆ ಇನ್ನೂ ತೌಡಿನ ವಾಸನೆ. ಗೋಡೆ ತುಂಬ ತಗಡಿನ ಬೋರ್ಡುಗಳು: ಟೈಲರ್, ಕಟಿಂಗ್ ಶಾಪು, ಸೋಡಾ ಫ್ಯಾಕ್ಟರಿ, ಸೈಕಲ್ ಶಾಪು. ಹೊರಗೆ ಎಲ್ಲಾದರೂ ಇದ್ದಿದ್ದರೆ ಗುಜರಿಗೆ ಹೋಗುತ್ತಿದ್ದ ವಸ್ತುಗಳಿಗೆ ಒಂದೊಂದು ದೀಪ ಹಚ್ಚಿದ್ದರು. ನೋಡಿಕೊಳ್ಳುವ ಶಿವಣ್ಣ ಎಂಬಾತ ನಮ್ಮ ಜೊತೆ ಬಂದ.

"ಇದು ನಮ್ಮಲ್ಲಿ ಫಸ್ಟ್ ಕ್ಲಾಸ್ ಬೋರ್ಡು ಸಾ. ಚಿಕ್ಕಯ್ಯನಛತ್ರದ ಓಟ್ಲುದು. ಕಾಫಿ ಲೋಟದೊಳಗೆ ನೋಡಿ."

ನೋಡುವುದೇನು ಬಂತು? ಕಾಫಿಯ ನೊರೆಯ ಮೇಲೆ ಕೂತ ನೊಣ. ಚೈತ್ರಾ ಓಡಿಸಲು ಕೈ ಬೀಸಿದಳು, ನಿಜವಲ್ಲವೆಂದು ತಿಳಿದು ಕಿಲಕಿಲ ನಕ್ಕಳು. ನನ್ನ ಎದೆ ಉಬ್ಬಿತು.

"ಅದು ನಾನ್ ಬರ‍್ದಿದ್ದು ಕಣವ್ವ."

ಮಾದೇಶ ಬಗ್ಗಿ ಬಲಮೂಲೆ ಓದಿದ. "ಸಿದ್ದು ಪೇಂಟರ್ ಅಂತ ಬರ‍್ದದಲ್ಲಪ್ಪ?"

ಓದಿ ಬರುವ ನಗುವನ್ನು ತಡೆದುಕೊಂಡ. ಪ್ರೇಮಾ ತಡೆದುಕೊಳ್ಳಲಿಲ್ಲ.

ಬೋರ್ಡಿನ ಬಲಮೂಲೆಯಲ್ಲಿ ಬರೆದವನ ಹೆಸರು ಹಾಕುವುದು ನಮ್ಮ ಕಸುಬಿನ ಪದ್ಧತಿ. ನಾನೂ ಸಿದ್ದುವೂ ಒಂದೇ ಶೆಡ್ಡಿನಲ್ಲಿ ಬರೆಯುತ್ತಿದ್ದೆವು. ನನಗೋ ಕೈ ಸುಮ್ಮನಿರದು. ಟೈಲರ್ ಬೋರ್ಡಿನ ಕೋಟಿಗೆ ಒಂದು ಗುಂಡಿ ಕಮ್ಮಿ ಹಾಕುವುದು, ಕಟಿಂಗ್ ಶಾಪಿನ ಕನ್ನಡಿಯಲ್ಲಿ ಅಂಗಡಿಯವನ ಬಾಮೈದನ ಮುಖ ಬರೆಯುವುದು, ಹೀಗೆ. ಅಂಥ ಬೋರ್ಡಿಗೆಲ್ಲ ನನ್ನ ಹೆಸರಲ್ಲ, ಸಿದ್ದುವಿನ ಹೆಸರು ಹಾಕುತ್ತಿದ್ದೆ. ಬೈಯಲು ಬಂದವರು ಮೂಲೆ ನೋಡಿ ಅವನನ್ನು ಹಿಡಿಯುತ್ತಿದ್ದರು. ನೊಣದ ಬೋರ್ಡು ಹಾಕಿದ ವಾರವೇ ಹೋಟೆಲಿನವನು ಬಂದು ಸಿದ್ದುವಿನ ಕೆನ್ನೆಗೆ ಬಾರಿಸಿದ. ನಾನು ಶೆಡ್ಡಿನ ಹಿಂದೆ ನಿಂತು ಹೊಟ್ಟೆ ಹಿಡಿದು ನಕ್ಕೆ. ಸಿದ್ದು ಒಳಗೆ ಬಂದು ಸೀಮೆಎಣ್ಣೆಯಲ್ಲಿ ಕುಂಚ ತೊಳೆದ, ನನ್ನ ಕಡೆ ನೋಡಲಿಲ್ಲ. ಅವನು ತೀರಿಕೊಂಡು ಮೂರು ವರ್ಷವಾಗಿತ್ತು.

ಸಾಕ್ಷಿ ನನ್ನ ಹತ್ತಿರವಿತ್ತು. ಸಿದ್ದು ಎಡಚ. ಅಕ್ಷರಕ್ಕೆ ನೆರಳು ಕೊಟ್ಟರೆ ಯಾವಾಗಲೂ ಎಡಕ್ಕೆ ಬೀಳುತ್ತಿತ್ತು, ನನ್ನದು ಬಲಕ್ಕೆ. ಈ ಬೋರ್ಡಿನ ನೆರಳೆಲ್ಲ ಬಲಕ್ಕೇ ಇತ್ತು. ಬೆರಳು ಎತ್ತಿ ತೋರಿಸಬೇಕು, ಅಷ್ಟರಲ್ಲಿ ಶಿವಣ್ಣ ಹೇಳಿದ:

"ಆ ಸಿದ್ದು ಪೇಂಟರ್ ಮಗಳು ಓದ್ ತಿಂಗ್ಳು ಬಂದಿದ್ರು ಸಾ. ನಮ್ಮಪ್ಪ ಮನೇಲಿ ಒಂದ್ ಸಲಾನೂ ನಕ್ಕೋರಲ್ಲ, ಒಳ್ಗೆ ಇಷ್ಟೊಂದು ನಗೆ ಮಡಿಕಂಡಿದ್ರಾ ಅಂತ ಈ ನೊಣದ ಮುಂದೆ ನಿಂತು ಅತ್ಬುಟ್ರು."

ಎತ್ತಿದ ಬೆರಳಿನಿಂದ ಕಿವಿ ಕೆರೆದುಕೊಂಡೆ.

ಗುಂಡಿ ಕಮ್ಮಿಯ ಕೋಟು, ಬಾಮೈದನ ಮುಖ, ಎಲ್ಲವೂ ಅಲ್ಲಿದ್ದವು. ಎಲ್ಲವುಗಳ ಕೆಳಗೆ ಸಿದ್ದು ಪೇಂಟರ್, ಸಿದ್ದು ಪೇಂಟರ್. ಜನ ನಿಂತು ನಿಂತು ಮೆಚ್ಚುತ್ತಿದ್ದರು. ನಾನು ಮುಂದಕ್ಕೆ ಮುಂದಕ್ಕೆ ನಡೆದೆ.

"ತಾತಾ! ನಿನ್ ಎಸ್ರು! ಇಲ್ಲೈತೆ ನಿನ್ ಎಸ್ರು!"

ಕಕ್ಕಸಿಗೆ ಹೋಗುವ ದಾರಿಯಲ್ಲಿ, ದೀಪವೂ ಇಲ್ಲದ ಮೂಲೆಯಲ್ಲಿ ಚೈತ್ರಾ ಕುಣಿಯುತ್ತಿದ್ದಳು. ಹೋಗಿ ನೋಡಿದೆ. 'ಇಲ್ಲಿ ಮೂತ್ರ ಮಾಡಬಾರದು.' ಕೆಳಗೆ, ಬೇರೆ ಯಾವ ಬೋರ್ಡಿನಲ್ಲೂ ಇಲ್ಲದಷ್ಟು ದಪ್ಪಗೆ: ನಾಗರಾಜು ಪೇಂಟರ್, ನಂಜನಗೂಡು.

"ಇಪ್ಪತ್ತು ವರ್ಸ ನರಸೀಪುರದಲ್ಲೇ ಒಂದು ಗೋಡೇಲಿತ್ತು ಸಾ," ಎಂದ ಶಿವಣ್ಣ. "ಎಲ್ಲಾರೂ ಅದ್ರ ಕೆಳಗೇ ನಿಂತ್ಕತಿದ್ರು."

ಮಾದೇಶ ಗೋಡೆಗೆ ಒರಗಿ ನಕ್ಕ. ಪ್ರೇಮಾ ಸೆರಗು ಬಾಯಿಗೆ ಇಟ್ಟುಕೊಂಡು ಕೂತೇಬಿಟ್ಟಳು.

ನಾನು ಅಕ್ಷರ ನೋಡುತ್ತಿದ್ದೆ. ನೆರಳು ಎಡಕ್ಕೆ ಬಿದ್ದಿತ್ತು. ನರಸೀಪುರದ ಕೆಲಸಗಳಿಗೆಲ್ಲ ಹೋಗಿಬರುತ್ತಿದ್ದವನು ಸಿದ್ದುವೇ, ಬಸ್ಸು ಹತ್ತಲು ನನಗೆ ಸೋಮಾರಿತನ. ನಲವತ್ತು ವರ್ಷ ಒಂದು ಮಾತೂ ಎದುರಾಡದವನು ಒಂದೇ ಒಂದು ಸಲ, ನನ್ನ ಹೆಸರು ಬರೆದು, ಕೈಚಳಕ ತೋರಿಸಿದ್ದ. ತೋರಿಸಿ ನನಗೆ ಹೇಳಲೂ ಇಲ್ಲ. ಎದುರಿಗೆ ಕೂತು ಟೀ ಕುಡಿದ, ಬೀಡಿ ಹಂಚಿಕೊಂಡ, ಸತ್ತ.

"ಅಪ್ಪ, ನಿಂತ್ಕೊ, ಫೋಟೊ ತೆಗೀತೀನಿ," ಎಂದ ಮಾದೇಶ. ನಿಂತೆ. ಜುಬ್ಬ ಸರಿಮಾಡಿಕೊಳ್ಳಲು ಹೇಳಿದರು, ಮಾಡಿಕೊಂಡೆ.

ಮಧ್ಯಾಹ್ನ ಮೂರರ ಬಸ್ಸು ಹತ್ತಿದೆವು. ಹಿಂದಿನ ಸೀಟಿನ ಕಿಟಕಿಯಿಂದ ಗಿರಣಿಯ ತಗಡಿನ ಸೂರು ಸ್ವಲ್ಪ ದೂರ ಬಿಸಿಲಿಗೆ ಹೊಳೆಯಿತು. ಚೈತ್ರಾ ನನ್ನ ತೋಳು ಹಿಡಿದಳು.

"ತಾತ, ನಿಜ್ವಾಗ್ಲೂ ನೀನೇ ಬರ‍್ದಿದ್ದಾ ಅದ?"

"ಊಂ ಕಣವ್ವ," ಎಂದೆ. "ನಾನೇ."

ಅವಳು ನಂಬಿದಳು. ನನ್ನ ಮಾತನ್ನು ಅವಳು ನಂಬಿದ್ದು ಅದೇ ಮೊದಲು.