ಮಾವನ ಟೆಂಪೋಗೆ ಹೊಸ ಮೂಗು

ಮೊನ್ನೆ ಗಾಂಧಿ ಬಜಾರಿನಲ್ಲಿ ರಸ್ತೆ ದಾಟಲು ನಿಂತಿದ್ದೆ. ನಮ್ಮ ಕಡೆ ರಸ್ತೆ ದಾಟುವುದೂ ಒಂದು ವ್ರತವೇ. ಸಂಕಲ್ಪ ಮಾಡಿಕೊಂಡು ನಿಂತ ಮೇಲೆ ಫಲ ಯಾವಾಗ ಸಿಗುತ್ತದೆ ಎಂದು ಕೇಳಬಾರದು. ಎದುರಿಗೆ ಒಂದು ದೊಡ್ಡ ಜೀಪು ಬಂದು ನಿಂತಿತು. ಅದರ ಬಾನೆಟ್ಟಿನ ಪಕ್ಕದಿಂದ ಕಪ್ಪು ಕೊಳವೆಯೊಂದು ಹೊರಟು, ಗಾಜಿನ ಅಂಚಿನಲ್ಲೇ ಏರಿ, ಚಾವಣಿಯ ಹತ್ತಿರ ಹೆಡೆ ಎತ್ತಿ ನಿಂತಿತ್ತು. ಹೊಳೆ ದಾಟುವಾಗ ಇಂಜಿನ್ನಿಗೆ ನೀರು ನುಗ್ಗದಿರಲಿ, ಮೇಲಿನಿಂದಲೇ ಗಾಳಿ ಎಳೆದುಕೊಳ್ಳಲಿ ಎಂದು ಹಾಕಿಸುವ ಕೊಳವೆ ಅದು. ಗಾಂಧಿ ಬಜಾರಿನಲ್ಲಿ ಹೊಳೆ ಎಲ್ಲಿದೆ ಸ್ವಾಮಿ? ಇರುವುದೆಲ್ಲ ಹೂವಿನವರು ಚಿಮುಕಿಸುವ ನೀರು. ಮಳೆ ಬಂದರೆ ಬೇರೆ ಮಾತು. ಆಗ ಅಂಥದೊಂದು ಕೊಳವೆ ನಡೆದು ಹೋಗುವವರಿಗೂ ಬೇಕು.

ಜೀಪಿನ ಯುವಕ ನಿಂತಲ್ಲೇ ಒಮ್ಮೆ ಆಕ್ಸಿಲರೇಟರ್ ತುಳಿದ. ಗುರ್ರ್ ಎಂದು ಸದ್ದು ಹೊರಟಿತು. ಮಲ್ಲಿಗೆ ಕಟ್ಟುತ್ತಿದ್ದಾಕೆ ಬೆಚ್ಚಿಬಿದ್ದು, "ನಿನ್ ಮನೆ ಹಾಳಾಗ" ಎಂದು ಆಶೀರ್ವಾದ ಮಾಡಿದಳು. ನನಗೆ ಮಾತ್ರ ಆ ಸದ್ದು ಕೇಳಿದೊಡನೆ ಮುನಿಕೃಷ್ಣಪ್ಪ ಮಾವನವರ ಟೆಂಪೋ ನೆನಪಾಯಿತು.

ಮುನಿಕೃಷ್ಣಪ್ಪ ನನ್ನ ಸೋದರಮಾವ. ಚಾಮರಾಜಪೇಟೆಯಲ್ಲಿ ಮನೆ, ತರಕಾರಿ ವ್ಯಾಪಾರ. ಬೆಳಗಿನ ಜಾವ ಕಲಾಸಿಪಾಳ್ಯದ ಮಾರ್ಕೆಟ್ಟಿಗೆ ಹೋಗಿ, ಮೂಟೆ ತುಂಬಿಕೊಂಡು, ಬಸವನಗುಡಿಯ ಹೋಟೆಲುಗಳಿಗೂ ಛತ್ರಗಳಿಗೂ ಹಾಕಿ ಬರುವುದು ಅವರ ಕೆಲಸ. ಅದಕ್ಕೊಂದು ಪುಟ್ಟ ಡೀಸೆಲ್ ಲಾರಿ. ನಮ್ಮವರೆಲ್ಲ ಅದನ್ನು ಟೆಂಪೋ ಎನ್ನುತ್ತೇವೆ. ಮಾವ ಮಾತ್ರ ಗಂಭೀರವಾಗಿ "ಟ್ರಕ್ಕು" ಎನ್ನುತ್ತಿದ್ದರು. ಆ ಟ್ರಕ್ಕು ದಿನವೆಲ್ಲ ಓಡುತ್ತಿದ್ದ ದೂರವನ್ನು ನಮ್ಮಜ್ಜಿ ಬರಿಗಾಲಲ್ಲಿ ನಡೆದು, ದಾರಿಯಲ್ಲಿ ನಾಲ್ಕು ಮನೆಯ ಕ್ಷೇಮಸಮಾಚಾರ ಕೇಳಿಕೊಂಡು, ಅಡುಗೆ ಹೊತ್ತಿಗೆ ವಾಪಸು ಬಂದುಬಿಡುತ್ತಿದ್ದಳು.

ಅಂಥ ಮಾವನವರಿಗೆ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಜ್ಞಾನೋದಯವಾಯಿತು. ವೈಪರ್ ಕೊಳ್ಳಲು ಹೋದವರಿಗೆ ಅಂಗಡಿಯವನು, "ಸಾರ್, ನಿಮ್ ಗಾಡಿ ಉಸಿರಾಡ್ತಾನೇ ಇಲ್ಲ. ಕಂಪ್ನಿಯವ್ರು ಮೂಗಿಗೆ ಡಬ್ಬ ಮುಚ್ಚಿಟ್ಟಿದಾರೆ. ಗಾಳಿ ಫ್ರೀಯಾಗಿ ಹೋದ್ರೆ ಪವರ್ರೂ ಜಾಸ್ತಿ, ಮೈಲೇಜೂ ಜಾಸ್ತಿ" ಎಂದ. ಬೇರೆ ಯಾರಿಗಾದರೂ ಹೇಳಿದ್ದರೆ ನಕ್ಕು ಬರುತ್ತಿದ್ದರೋ ಏನೋ. ಆದರೆ ಮಾವ ಆಗಷ್ಟೇ ಪಾರ್ಕಿನಲ್ಲಿ ಪ್ರಾಣಾಯಾಮಕ್ಕೆ ಸೇರಿದ್ದರು. ಉಸಿರಿನಿಂದ ಮಂಡಿನೋವು, ಸಕ್ಕರೆ, ಸಾಲ, ಸೊಸೆ ಎಲ್ಲವೂ ಹತೋಟಿಗೆ ಬರುತ್ತವೆ ಎಂದು ನಂಬುವ ಬಳಗ ಅದು. ಮನುಷ್ಯನಿಗೆ ಆಗುವುದು ಟ್ರಕ್ಕಿಗೆ ಯಾಕಾಗಬಾರದು? ಕಂಪನಿಯ ಇಂಜಿನಿಯರುಗಳೆಲ್ಲ ಸೇರಿ ಡಬ್ಬ ಯಾಕಿಟ್ಟರು ಎಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ, "ಅವ್ರೆಲ್ಲ ಪ್ರಾಣಾಯಾಮ ಮಾಡಿದಾರೇನೋ?" ಎಂದುಬಿಡುತ್ತಿದ್ದರು.

ಡಬ್ಬ ಬಿಚ್ಚಿಸಿದರು. ಅದರ ಜಾಗಕ್ಕೆ ಲಾಲಿಪಾಪಿನ ಬಣ್ಣದ ಒಂದು ತೆರೆದ ಫಿಲ್ಟರು, ಅದಕ್ಕೊಂದು ಹೊಳೆಯುವ ಕೊಳವೆ ಬಂತು. ಟೆಂಪೋದ ಇಂಜಿನ್ನು ಇರುವುದೇ ಸೀಟಿನ ಕೆಳಗೆ. ಆದ್ದರಿಂದ ಈ ಹೊಸ ಮೂಗು ಸರಿಯಾಗಿ ಪಕ್ಕದ ಸೀಟಿನಲ್ಲಿ ಕೂರುವವರ ಕಾಲಬುಡಕ್ಕೆ ಬಂತು. ಪೂಜೆಯೂ ಆಯಿತು. ಪೂಜಾರಪ್ಪ ಗಾಡಿ ಸ್ಟಾರ್ಟ್ ಮಾಡಿಸಿ, ಸಾಂಬ್ರಾಣಿ ಹಿಡಿದು ಮೂಗಿನ ಹತ್ತಿರ ಬಗ್ಗಿದರೆ, ಅದು ಹೊಗೆಯನ್ನೆಲ್ಲ ಸೊರ್ರೆಂದು ಒಂದೇ ಉಸಿರಿಗೆ ಎಳೆದುಕೊಂಡಿತು. "ನೋಡೋ, ನೋಡೋ! ಹೆಂಗ್ ಎಳೀತಾ ಇದೆ!" ಎಂದು ಮಾವ ಕೈತಟ್ಟಿದರು. ಅಭ್ಯಾಸ ತಪ್ಪಿದ ಯೋಗಪಟುವಿನಂತೆ ಟ್ರಕ್ಕು ಒಮ್ಮೆ ಕೆಮ್ಮಿತು. ಅದನ್ನು ಮಾವ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪವರ್ ಬಂದಿತ್ತೇ? ಸದ್ದಂತೂ ಬಂದಿತ್ತು. ನಮ್ಮ ಜನಕ್ಕೆ ಸದ್ದು ಬಂದರೆ ಪವರ್ ಬಂದಂತೆಯೇ. ಇದು ಟ್ರಕ್ಕಿಗೂ ನಿಜ, ಕಾರ್ಪೊರೇಷನ್ ಚುನಾವಣೆಗೆ ನಿಲ್ಲುವವರಿಗೂ ನಿಜ. ನನಗೆ ಗಾಡಿಗಳ ಬಗ್ಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ನನ್ನ ಸ್ಕೂಟರಿಗೆ ಪೆಟ್ರೋಲ್ ಹಾಕುವ ಮುಚ್ಚಳ ಎಲ್ಲಿದೆ ಎಂಬುದೂ ಬಂಕಿನ ಹುಡುಗಿ ಕೈ ತೋರಿಸಿದ ಮೇಲೆಯೇ ನೆನಪಾಗುವುದು. ಆದರೂ ಮೊಬೈಲಿನಲ್ಲಿ ಅಷ್ಟಿಷ್ಟು ಓದಿಕೊಂಡು ಹೋಗಿ, "ಮಾವ, ಇಂಜಿನ್ನಿಗೆ ಎಷ್ಟು ಗಾಳಿ ಬೇಕೋ ಅಷ್ಟು ಆ ಡಬ್ಬದಿಂದ್ಲೇ ಸಿಗುತ್ತಂತೆ. ಫಿಲ್ಟರ್ ಕ್ಲೀನಾಗಿದ್ರೆ ಸಾಕಂತೆ. ಈಗ ಇದು ಇಂಜಿನ್ ಪಕ್ಕದ ಬಿಸಿಗಾಳಿನೇ ಕುಡೀತಾ ಇದೆ" ಎಂದೆ. ಮಾವ ನನ್ನನ್ನು ಕರುಣೆಯಿಂದ ನೋಡಿ, "ಓದಿ ಓದಿ ಮರುಳಾದೆ ಕೂಚುಭಟ್ಟ" ಎಂದರು. ಅಲ್ಲಿಗೆ ವಿಜ್ಞಾನ ಮುಗಿಯಿತು.

ಪವರ್ ಬಂದಿದ್ದರೂ ಅದನ್ನು ಎಲ್ಲಿ ಖರ್ಚು ಮಾಡುವುದು ಹೇಳಿ. ಆಗ ರಸ್ತೆಗಳನ್ನೆಲ್ಲ ಅಗೆದಿದ್ದರು. ಈಗಲೂ ಅಗೆದಿದ್ದಾರೆ, ಅದು ಬೇರೆ. ಸಿಂಹದಂತೆ ಗರ್ಜಿಸುತ್ತ ಎರಡನೇ ಗೇರಿನಲ್ಲಿ ತೆವಳುವ ಮಾವನ ಟ್ರಕ್ಕನ್ನು ಒಂದು ಹಸು ನಿಧಾನವಾಗಿ ಹಿಂದೆ ಹಾಕಿ ಹೋದದ್ದನ್ನು ನಾನೇ ಕಂಡಿದ್ದೇನೆ.

ಇನ್ನು ಮೈಲೇಜು. ಗಂಡಸರು ವಯಸ್ಸು, ಸಂಬಳ, ಮೈಲೇಜು ಈ ಮೂರರಲ್ಲಿ ನಿಜ ಹೇಳುವುದಿಲ್ಲ. ಪಾರ್ಕಿನ ಬೆಂಚಿನ ಮೇಲೆ ಉಸಿರಾಟ ಮುಗಿದ ಮೇಲೆ ನಡೆಯುವುದೇ ಈ ಪುರಾಣ. "ಎಷ್ಟ್ ಕೊಡ್ತಾ ಇದೆ ಮುನಿಕೃಷ್ಣಪ್ಪೋರೆ?" ಎಂದು ಯಾರಾದರೂ ಕೇಳಿದರೆ ಮಾವ ಏನಾದರೂ ಹೇಳಲೇಬೇಕಿತ್ತು. ಸುಳ್ಳು ಹೇಳಲು ಮನಸ್ಸು ಒಪ್ಪದೆ, ನಿಜವನ್ನೇ ಮೇಲೆತ್ತಲು ಹೊರಟರು. ಇಳಿಜಾರಿನಲ್ಲಿ ಇಂಜಿನ್ ಆಫ್, ಸಿಗ್ನಲಿನಲ್ಲಿ ಆಫ್. ಆಮೇಲೆ ಆಲೂಗಡ್ಡೆ, ಈರುಳ್ಳಿ ಭಾರವೆಂದು ತರುವುದನ್ನೇ ಬಿಟ್ಟರು. ಕುಂಬಳಕಾಯಿಗೆ ಬಹಿಷ್ಕಾರ ಬಿತ್ತು. ಬರೀ ಕೊತ್ತಂಬರಿ, ಕರಿಬೇವು, ಮೆಂತ್ಯದ ಸೊಪ್ಪು. ಹೋಟೆಲಿನವರು, "ಯಜಮಾನ್ರೇ, ಈರುಳ್ಳಿ ಇಲ್ದೆ ದೋಸೆಗೆ ಪಲ್ಯ ಏನ್ ನಿಮ್ ಮೈಲೇಜಿಂದ ಮಾಡ್ಲಾ?" ಎಂದು ಬೈದು ಕಳಿಸಿದರು. ಮಾವ ಹಿಗ್ಗಿ ಬಂದರು. ಮೈಲೇಜು ನಿಜಕ್ಕೂ ಏರಿತ್ತು.

ಇಷ್ಟೂ ಹೊತ್ತು ನಾನು ರತ್ನಮ್ಮತ್ತೆಯ ಸುದ್ದಿ ಎತ್ತಲಿಲ್ಲ ನೋಡಿ. ಆ ಮನೆಯಲ್ಲೂ ಹಾಗೇ, ಅವಳ ಸುದ್ದಿ ಕೊನೆಗೇ ಬರುವುದು. ಅತ್ತೆ ಮದುವೆಯಾಗಿ ಬಂದಂದಿನಿಂದ ಮೂವರು ಅಣ್ಣತಮ್ಮಂದಿರ ತುಂಬು ಕುಟುಂಬ. ಗೋಡೆಗೊಂದು ಕಿವಿ, ಬಾಗಿಲಿಗೊಬ್ಬ ಓರಗಿತ್ತಿ. ಗಂಡನೊಡನೆ ಒಂದು ಮಾತು ಮನಬಿಚ್ಚಿ ಆಡಲು ಅವಳಿಗೆ ಇದ್ದ ಜಾಗವೆಂದರೆ ಬೆಳಗಿನ ಜಾವದ ಆ ಟೆಂಪೋ ಒಂದೇ. ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುವ ನೆಪದಲ್ಲಿ ದಿನಾ ಅವರ ಪಕ್ಕ ಕೂತು ಹೋಗುತ್ತಿದ್ದಳು. ಮಗಳ ಮದುವೆ, ನಾದಿನಿಯ ಕೊಂಕು, ತನ್ನ ಆಸೆ, ತನ್ನ ಅಳು ಎಲ್ಲವನ್ನೂ ಅಲ್ಲೇ ಹೇಳಿಕೊಂಡಳು. ಅವಳಿಗೆ ಅದು ಹೆಚ್ಚುಕಡಿಮೆ ತವರುಮನೆಯೇ ಆಗಿತ್ತು. ಆ ತವರಿನ ಕಾಲಬುಡಕ್ಕೇ ಮಾವ ಹೊಸ ಮೂಗು ತಂದಿಟ್ಟಿದ್ದರು.

ಅತ್ತೆ ಮೊದಮೊದಲು ಕೂಗಿ ಮಾತಾಡಿದಳು. ಒಂದು ದಿನ ಸದ್ದಿಗೆ ಮೀರಿ ಕೂಗುತ್ತಿದ್ದಾಗ ಸಿಗ್ನಲ್ ಬಂತು. ಮೈಲೇಜಿಗೆಂದು ಮಾವ ಟಕ್ಕನೆ ಇಂಜಿನ್ ಆರಿಸಿದರು. "ನಿಮ್ಮತ್ತಿಗೆ ತುಪ್ಪದ ಡಬ್ಬ ಬೀರುಲಿಟ್ಟು ಬೀಗ ಹಾಕ್ಕೋತಾರೆ ರೀ!" ಎಂಬ ಮಾತು ಇಡೀ ಸರ್ಕಲ್ಲಿಗೆ ಸ್ಪಷ್ಟವಾಗಿ ಕೇಳಿಸಿತು. ಪಕ್ಕದ ಆಟೋದಲ್ಲಿ ಕೂತಿದ್ದವರು ಆ ಅತ್ತಿಗೆಯ ಒಡಹುಟ್ಟಿದ ತಂಗಿ. ಟೆಂಪೋ ಮನೆ ಮುಟ್ಟುವ ಮೊದಲೇ ತುಪ್ಪದ ವಿಷಯ ಮನೆ ಮುಟ್ಟಿತ್ತು. ಆ ವಾರ ಅತ್ತೆ ಅನುಭವಿಸಿದ್ದು ಅಷ್ಟಿಷ್ಟಲ್ಲ.

ಅಂದಿನಿಂದ ಅವಳು ಕೂಗುವುದನ್ನು ನಿಲ್ಲಿಸಿದಳು. "ನೋಡೋ, ಪೈಪ್ ಹಾಕ್ಸಿದ್ಮೇಲೆ ಗಾಡಿನೂ ಸ್ಮೂತು, ನಿಮ್ಮತ್ತೆನೂ ಸೈಲೆಂಟು. ಒಂದ್ ಕಲ್ಲಿಗೆ ಎರಡ್ ಹಕ್ಕಿ!" ಎಂದು ಮಾವ ನಕ್ಕರು. ನಾನೂ ಹಲ್ಲುಬಿಟ್ಟೆ.

ಕೆಲವು ದಿನಗಳ ಮೇಲೆ ಮಾವ ಮನೆಯ ಮುಂದೆ ನಿಂತು ಟ್ರಕ್ಕು ಒರೆಸುತ್ತಿದ್ದರು, ನಾನೂ ಇದ್ದೆ. ಡ್ರೈವಿಂಗ್ ಸ್ಕೂಲಿನ ಕಾರೊಂದು ಕುಪ್ಪಳಿಸುತ್ತ ಬಂತು. ಸ್ಟೇರಿಂಗ್ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದವಳು ರತ್ನಮ್ಮತ್ತೆ! ಮಾವನ ಕೈಯ ಬಟ್ಟೆ ಕೆಳಗೆ ಬಿತ್ತು.

"ಏನೇ ಇದು? ಯಾರನ್ ಕೇಳಿ ಸೇರ್ಕೊಂಡೆ?"

"ನಿಮ್ಮನ್ನೇ. ಟೆಂಪೋಲಿ ಕೇಳ್ದೆ. ನಂಗೂ ಓಡ್ಸೋದ್ ಕಲೀಬೇಕು ಅಂತ ಭಾಳ ದಿನದಿಂದ ಆಸೆ, ಸೇರ್ಕೊಳ್ಲಾ ಅಂದೆ. ಹೂಂ ಅಂದ್ರಲ್ಲ."

ಮಾವ ಇಕ್ಕಟ್ಟಿಗೆ ಸಿಕ್ಕರು. ಕೇಳಿಸಲಿಲ್ಲ ಎಂದರೆ ಪೈಪಿನ ಮರ್ಯಾದೆ ಹೋಗುತ್ತದೆ. ಕೇಳಿಸಿತು ಎಂದರೆ ಹೆಂಡತಿ ಡ್ರೈವರಾಗುತ್ತಾಳೆ. ಓರಗಿತ್ತಿಯರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಕೊನೆಗೆ ಪೈಪೇ ಗೆದ್ದಿತು. "ಹೂಂ, ಹೌದೌದು, ನಾನೇ ಅಂದಿದ್ದು" ಎಂದು ಬಟ್ಟೆ ಎತ್ತಿಕೊಂಡರು.

ಲೈಸೆನ್ಸ್ ಬಂದ ದಿನ ಅತ್ತೆ ಇಟ್ಟದ್ದು ಒಂದೇ ಷರತ್ತು: "ಆ ಮೂಗು ಕಿತ್ತು ಹಳೇ ಡಬ್ಬ ಹಾಕ್ಸಿ." ಡಬ್ಬ ಬಂತು, ಈರುಳ್ಳಿ ಬಂತು, ಕುಂಬಳಕಾಯಿಯೂ ಬಂತು. ಅತ್ತೆ ಟೆಂಪೋ ಓಡಿಸುವುದು ಒಲೆಯ ಮೇಲೆ ಹಾಲಿಟ್ಟವರ ಹಾಗೆ. ಕಾಲು ಸದಾ ಹದದಲ್ಲಿರುತ್ತದೆ. ಮೂಟೆ ಹೊತ್ತೂ ಮೈಲೇಜು ಮಾವನ ಕೊತ್ತಂಬರಿ ಕಾಲಕ್ಕಿಂತ ಮೇಲೇರಿತು. ಮಾವ ಪಾರ್ಕಿನಲ್ಲಿ, "ಪೈಪ್ ಹಾಕಿದ್ದಕ್ಕೇ ಇಂಜಿನ್ ಸೆಟ್ಟಾಗಿದ್ದು, ಅದ್ರ ಗುಣ ಇನ್ನೂ ಉಳ್ಕೊಂಡಿದೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ.

ಜೀಪಿನ ಸದ್ದು ಕೇಳಿದ ಮರುದಿನ ಯಾಕೋ ಅವರನ್ನು ನೋಡಬೇಕೆನ್ನಿಸಿ, ಬೆಳಗಿನ ಜಾವ ಅವರ ಜೊತೆ ಮಾರ್ಕೆಟ್ಟಿಗೆ ಹೋದೆ. ಅತ್ತೆ ಓಡಿಸುತ್ತಿದ್ದಳು. ಮಾವ ದಾರಿಯುದ್ದಕ್ಕೂ ಮಾತು, ಮಾತು. ಅತ್ತೆ ಮಾತ್ರ ರಸ್ತೆ ನೋಡುತ್ತ, "ಹೂಂ, ಹೂಂ" ಎನ್ನುತ್ತಿದ್ದಳು. ಮಾವ ಮೂಟೆ ಹಾಕಿಸಲು ಇಳಿದು ಹೋದಾಗ ಕೇಳಿದೆ.

"ಈಗ ಸದ್ದಿಲ್ಲವಲ್ಲ ಅತ್ತೆ. ನೀವ್ ಯಾಕೆ ಮಾತೇ ಆಡಲ್ಲ?"

ಅತ್ತೆ ಸೆರಗಿನ ತುದಿಯಿಂದ ಸ್ಟೇರಿಂಗಿನ ಧೂಳು ಒರೆಸಿದಳು.

"ಆ ಪೈಪ್ ಇದ್ದಾಗ ನಾನ್ ಹೇಳಿದ್ದು ಒಂದೂ ಅವ್ರಿಗೆ ಕೇಳಿಸ್ತಿರ್ಲಿಲ್ಲ ಕಣೋ. ಆದ್ರೂ ಹೂಂ ಹೂಂ ಅಂತಿದ್ರು. ಅದಕ್ ಮುಂಚೆ ಅಷ್ಟ್ ವರ್ಷ ಅಂದ್ರಲ್ಲ, ಅದೂ ಥೇಟ್ ಅದೇ ಹೂಂ."

ಅಷ್ಟರಲ್ಲಿ ಮಾವ ಬಂದು ಹತ್ತಿದರು, ಬಿಟ್ಟಲ್ಲಿಂದ ಮಾತು ಮುಂದುವರಿಸಿದರು. ಅತ್ತೆ ಗಾಡಿ ತೆಗೆದಳು.

ಮನೆಗೆ ಬಂದು ಪೇಪರು ಹಿಡಿದು ಕೂತೆ. ಅಡುಗೆಮನೆಯಿಂದ ನನ್ನವಳು ಏನೋ ಹೇಳುತ್ತಿದ್ದಳು. "ಹೂಂ" ಎಂದೆ. ಪೇಪರು ಮಡಿಸಿಟ್ಟು, ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, "ಏನಂದೆ?" ಎಂದು ಕೇಳಿದೆ.

ಅವಳು ಸೌಟು ಹಿಡಿದುಕೊಂಡೇ ತಿರುಗಿ, ನನ್ನ ಮುಖವನ್ನು ಒಂದು ಕ್ಷಣ ನೋಡಿದಳು.

"ಯಾಕ್ರೀ, ಹುಷಾರಿಲ್ವಾ?" ಎಂದಳು.